ಸಿ ಡ್ರೈವ್‌ನಿಂದ ಉಬುಂಟುವಿಗೆ 80 ಜಿಬಿ: ನಾನು ಪಾರ್ಟಿಷನ್ ಸರಿಸಿದ ಬಗೆ

ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಮತ್ತು ಉಬುಂಟು ಎರಡೂ ಇವೆ. ಎಸ್‌ಎಸ್‌ಡಿ 512 ಜಿಬಿಯದು. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಅಲ್ಲಿ ಕಾಣುವುದು ಸುಮಾರು 476. ಅದನ್ನು ಪಾರ್ಟಿಷನ್ ಎಂಬ ಭಾಗಗಳಾಗಿ ಹಂಚಿದೆ: ಸಿ ಡ್ರೈವ್‌ಗೆ 300, ಉಬುಂಟುವಿನ ರೂಟ್‌ಗೆ (ಸಿಸ್ಟಂ ಫೈಲುಗಳಿರುವ ಭಾಗ) 40, ಉಳಿದದ್ದು ಹೋಮ್‌ಗೆ (ನನ್ನ ಸ್ವಂತ ಫೈಲುಗಳ ಭಾಗ). ಡಾಕರ್ ಇಮೇಜ್‌ಗಳು (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್‌ನ ಫೈಲುಗಳು), ಸ್ನ್ಯಾಪ್‌ಗಳು (ಉಬುಂಟುವಿನ ಆ್ಯಪ್ ಪ್ಯಾಕೇಜುಗಳು), ಸಿಸ್ಟಂನ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಗಳು ಎಲ್ಲಾ ಸೇರಿ ರೂಟ್ ತುಂಬಿಹೋಯಿತು. ಹಳೆಯ ಲಾಗ್ ಅಳಿಸಿದರೂ ಅಪ್‌ಡೇಟ್ ಹಾಕಲು ಜಾಗ ಸಾಲುತ್ತಿರಲಿಲ್ಲ. ಅತ್ತ ಸಿ ಡ್ರೈವ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಅಲ್ಲಿಂದ 80 ಜಿಬಿ ತೆಗೆದು ರೂಟ್‌ಗೆ ಕೊಡಬೇಕು, ಇಷ್ಟೇ ಕೆಲಸ.

ಆದರೆ ಡಿಸ್ಕ್‌ನಲ್ಲಿ ಎಷ್ಟು ಜಾಗ ಖಾಲಿ ಇದೆ ಅನ್ನುವುದಕ್ಕಿಂತ ಅದು ಎಲ್ಲಿದೆ ಅನ್ನುವುದೇ ಮುಖ್ಯ. ಒಂದೇ ಸಾಲಿನ ಸೈಟುಗಳಿದ್ದ ಹಾಗೆ: ನಿಮ್ಮ ಸೈಟಿಗೆ ಅಂಟಿಕೊಂಡ ಜಾಗ ಸಿಕ್ಕರೆ ಮಾತ್ರ ಮನೆ ಅಗಲ ಮಾಡಬಹುದು, ನಡುವೆ ಬೇರೆಯವರ ಸೈಟಿದ್ದರೆ ಆಗದು. ನನ್ನ ಡಿಸ್ಕ್‌ನ ಸಾಲು ಹೀಗಿತ್ತು: ಮೊದಲು ಬೂಟ್ ಫೈಲುಗಳಿರುವ 100 ಎಂಬಿಯ ಇಎಫ್‌ಐ ಪಾರ್ಟಿಷನ್, ಆಮೇಲೆ ಮೈಕ್ರೋಸಾಫ್ಟ್ ಕಾದಿರಿಸಿಕೊಂಡ 16 ಎಂಬಿ, ಆಮೇಲೆ ಸಿ, ಅದರ ಬೆನ್ನಿಗೆ ವಿಂಡೋಸ್ ರಿಕವರಿ (ವಿಂಡೋಸ್ ಕೆಟ್ಟಾಗ ಸರಿಪಡಿಸುವ ಸಾಧನಗಳಿರುವುದು), ಆಮೇಲೆ ರೂಟ್, ಕೊನೆಗೆ ಹೋಮ್. ಸಿ ಕುಗ್ಗಿಸಿದರೆ ಖಾಲಿ ಜಾಗ ರಿಕವರಿಯ ಎಡಕ್ಕೆ ಹುಟ್ಟುತ್ತದೆ. ರೂಟ್ ಇರುವುದು ಅದರ ಬಲಕ್ಕೆ. ಕುಗ್ಗಿಸಿದ ಮೇಲೂ ಉಬುಂಟು ಯಾಕೆ ಬೆಳೆಯುತ್ತಿಲ್ಲ ಎಂದು ಕೇಳುವವರಿಗೆ ಹೆಚ್ಚಾಗಿ ಅಡ್ಡ ನಿಂತಿರುವುದು ಈ ಪುಟ್ಟ ರಿಕವರಿ ಪಾರ್ಟಿಷನ್ನೇ.

ಕೈ ಹಚ್ಚುವ ಮೊದಲು ಹೋಮ್ ಪೂರ್ತಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. ವಿಂಡೋಸ್ ಕಡೆಯ ಫೈಲುಗಳನ್ನೂ ಹಾಗೇ. ಬ್ಯಾಕಪ್ ಇಲ್ಲದೆ ಪಾರ್ಟಿಷನ್ ಮುಟ್ಟಬೇಡಿ, ಇದರಲ್ಲಿ ರಾಜಿಯೇ ಇಲ್ಲ. ಉಬುಂಟುವಿನ ಟರ್ಮಿನಲ್‌ನಲ್ಲಿ ಪಾರ್ಟಿಷನ್ ಪಟ್ಟಿ ತೆರೆದು, ಪ್ರತಿಯೊಂದರ ಯುಯುಐಡಿ (ಅದಕ್ಕೇ ಮೀಸಲಾದ ಗುರುತಿನ ಸಂಖ್ಯೆ) ಕಾಣುವ ಹಾಗೆ ಫೋನ್‌ನಲ್ಲಿ ಫೋಟೋ ತೆಗೆದಿಟ್ಟೆ. ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಡ್ರೈವ್ ಎನ್‌ಕ್ರಿಪ್ಟ್ ಆಗಿರಬಹುದು. ಹಾಗಾಗಿ ಆ ಎನ್‌ಕ್ರಿಪ್ಷನ್ ಮಾಡುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಂಡೆ.

ಸಿ ಡ್ರೈವ್ ಕುಗ್ಗಿಸುವುದು ವಿಂಡೋಸ್‌ನ ಒಳಗಿಂದಲೇ ಆಗಬೇಕು ಅನ್ನುವುದು ನನ್ನ ನಿಲುವು. ಸಿ ಡ್ರೈವ್‌ನಲ್ಲಿ ಫೈಲು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆ ವಿಂಡೋಸ್‌ನ ಸ್ವಂತ ಮನೆ, ಅಲ್ಲಿನ ಕೆಲಸ ಅದಕ್ಕೇ ಬಿಡುವುದು ಒಳ್ಳೆಯದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಶ್ರಿಂಕ್ ಒತ್ತಿದಾಗ ಮೊದಲಿಗೆ ಅದು ಕೊಡಲು ಒಪ್ಪಿದ್ದು ತೀರಾ ಕಡಿಮೆ. ಅಷ್ಟೊಂದು ಖಾಲಿ ಇದ್ದರೂ ಹೀಗೇಕೆ? ಪೇಜ್ ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಫೈಲು), ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು, ಇವು ಅಲುಗಾಡದ ಫೈಲುಗಳು. ಇವುಗಳಲ್ಲಿ ಒಂದು ಡ್ರೈವ್‌ನ ಕೊನೆಯ ಹತ್ತಿರ ಕೂತಿದ್ದರೆ ಶ್ರಿಂಕ್ ಅಲ್ಲಿಗೇ ನಿಲ್ಲುತ್ತದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಿಂದ ಹೈಬರ್ನೇಷನ್ ಆಫ್ ಮಾಡಿದೆ. ಪೇಜ್ ಫೈಲ್ ಮತ್ತು ಸಿಸ್ಟಂ ಪ್ರೊಟೆಕ್ಷನ್ ತಾತ್ಕಾಲಿಕವಾಗಿ ತೆಗೆದು ರೀಸ್ಟಾರ್ಟ್ ಮಾಡಿದೆ. ಆಮೇಲೆ ಬೇಕಾದಷ್ಟು ಜಾಗ ಕೊಟ್ಟಿತು. ಅಲ್ಲಿ ಲೆಕ್ಕ ಎಂಬಿಯಲ್ಲಿ ಕೊಡಬೇಕು: 80 ಜಿಬಿ ಅಂದರೆ 81920.

ವಿಂಡೋಸ್ ಮುಚ್ಚುವ ಮೊದಲು ಇನ್ನೊಂದು ಕೆಲಸ. ರೀಏಜೆಂಟ್‌ಸಿ ಎಂಬ ಕಮಾಂಡ್‌ನಿಂದ ರಿಕವರಿ ವ್ಯವಸ್ಥೆಯನ್ನು ಡಿಸೇಬಲ್ ಮಾಡಿದೆ. ರಿಕವರಿ ಪಾರ್ಟಿಷನ್ ಡಿಸ್ಕ್‌ನಲ್ಲಿ ಎಲ್ಲಿದೆ ಎಂದು ವಿಂಡೋಸ್ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಹಾಗೇ ಸರಿಸಿದರೆ ಆ ವಿಳಾಸ ತಪ್ಪಬಹುದು.

ಮುಂದಿನದು ಉಬುಂಟು ಲೈವ್ ಯುಎಸ್‌ಬಿಯಿಂದ, ಅಂದರೆ ಪೆನ್‌ಡ್ರೈವ್‌ನಿಂದಲೇ ಓಡುವ ಉಬುಂಟುವಿನಿಂದ. ರೂಟ್‌ನ ಫೈಲ್ ವ್ಯವಸ್ಥೆಯಾದ ಎಕ್ಸ್‌ಟಿ4 ಅನ್ನು ಬಳಕೆಯಲ್ಲಿರುವಾಗಲೂ ಬಲಕ್ಕೆ ಬೆಳೆಸಬಹುದು, ಆದರೆ ಅದರ ಆರಂಭದ ಜಾಗ ಬದಲಿಸಬೇಕಾದರೆ ಅನ್‌ಮೌಂಟ್ ಆಗಿರಲೇಬೇಕು (ಬಳಕೆಯಿಂದ ಬಿಡಿಸಿರಬೇಕು). ಓಡುತ್ತಿರುವ ಸಿಸ್ಟಂ ತನ್ನದೇ ರೂಟನ್ನು ಅನ್‌ಮೌಂಟ್ ಮಾಡಲಾಗದು, ಅಲ್ವಾ? ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ತೆರೆದು ಮೊದಲು ರಿಕವರಿ ಪಾರ್ಟಿಷನ್ ಆರಿಸಿ, ಅದರ ಹಿಂದಿನ ಖಾಲಿ ಜಾಗವನ್ನು ಸೊನ್ನೆ ಮಾಡಿದೆ. ಅದು ಸಿ ಡ್ರೈವ್‌ಗೆ ಅಂಟಿಕೊಂಡಿತು, ಖಾಲಿ ಜಾಗ ರೂಟ್‌ನ ಪಕ್ಕಕ್ಕೆ ಬಂತು. ಆಮೇಲೆ ರೂಟ್‌ನ ಎಡ ಅಂಚನ್ನು ಎಳೆದು 120 ಜಿಬಿ ಮಾಡಿದೆ. ಈ ಹಂತದವರೆಗೂ ಡಿಸ್ಕ್‌ನಲ್ಲಿ ಏನೂ ಬದಲಾಗಿರುವುದಿಲ್ಲ, ಎಲ್ಲವೂ ಕೆಳಗಿನ ಪಟ್ಟಿಯಲ್ಲಿ ಕಾಯುತ್ತಿರುತ್ತದೆ. ಆ ಪಟ್ಟಿಯನ್ನು ನಿಧಾನವಾಗಿ ಓದಿ. ನಾನು ಫೋಟೋದ ಜೊತೆ ತಾಳೆ ನೋಡಿದ ಮೇಲೆಯೇ ಹಸಿರು ಟಿಕ್ ಒತ್ತಿದ್ದು.

ಸರಿಸಿದರೆ ಬೂಟ್ ಆಗದೇ ಇರಬಹುದು ಎಂದು ಜಿಪಾರ್ಟೆಡ್ ಎಚ್ಚರಿಸುತ್ತದೆ. ಯುಇಎಫ್‌ಐ (ಈಗಿನ ಬೂಟ್ ವ್ಯವಸ್ಥೆ) ಮಷೀನ್‌ನಲ್ಲಿ ಉಬುಂಟುವಿನ ಗ್ರಬ್ (ಸಿಸ್ಟಂ ಆರಿಸುವ ಬೂಟ್ ಮೆನು) ರೂಟನ್ನು ಯುಯುಐಡಿ ನೋಡಿ ಹುಡುಕುತ್ತದೆ. ಸರಿಸಿದರೆ ಯುಯುಐಡಿ ಬದಲಾಗುವುದಿಲ್ಲ. ಈ ಧೈರ್ಯದಿಂದಲೇ ಮುಂದುವರಿದೆ. ರೂಟ್‌ನ ಡೇಟಾ ಎಡಕ್ಕೆ ಕಾಪಿ ಆಗಬೇಕಾದ್ದರಿಂದ ಇದು ಇಡೀ ಕೆಲಸದಲ್ಲೇ ನಿಧಾನದ ಹಂತ. ನಡುವೆ ಕರೆಂಟ್ ಹೋದರೆ ರೂಟ್ ಕೆಡುವುದು ಬಹುತೇಕ ಖಚಿತ. ಹಾಗಾಗಿ ಬ್ಯಾಟರಿ ಪೂರ್ತಿ ತುಂಬಿಸಿ, ಚಾರ್ಜರ್ ಹಾಕಿಯೇ ಇಟ್ಟು, ಸ್ಲೀಪ್ ಆಫ್ ಮಾಡಿದ್ದೆ.

ನಿಮ್ಮಲ್ಲಿ ಜಾಗ ತಿನ್ನುತ್ತಿರುವುದು ಡಾಕರ್ ಒಂದೇ ಆಗಿದ್ದರೆ ಇಷ್ಟೆಲ್ಲಾ ಬೇಡವೇ ಬೇಡ. ಖಾಲಿ ಜಾಗದಲ್ಲಿ ಹೊಸ ಎಕ್ಸ್‌ಟಿ4 ಪಾರ್ಟಿಷನ್ ಮಾಡಿ, ಡಾಕರ್ ನಿಲ್ಲಿಸಿ, ಅದರ ಫೋಲ್ಡರನ್ನು ಅಲ್ಲಿಗೆ ಕಾಪಿ ಮಾಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಪಾರ್ಟಿಷನ್ ಎಲ್ಲಿಗೆ ಜೋಡಿಸಬೇಕು ಎಂಬ ಪಟ್ಟಿಯ ಫೈಲು) ಒಂದು ಸಾಲು ಸೇರಿಸಿದರೆ ಸಾಕು. ಯಾವ ಪಾರ್ಟಿಷನ್ನೂ ಸರಿಯಬೇಕಾಗಿಲ್ಲ. ನನಗೆ ರೂಟ್ ಎಲ್ಲಾ ಕಡೆಯಿಂದಲೂ ತುಂಬಿತ್ತು, ಅದಕ್ಕೇ ದೊಡ್ಡ ದಾರಿ ಹಿಡಿದೆ.

ರೀಸ್ಟಾರ್ಟ್ ಮಾಡಿದಾಗ ಗ್ರಬ್‌ನಲ್ಲಿ ಎರಡೂ ಸಿಸ್ಟಂ ಇದ್ದವು. ಉಬುಂಟುವಿನ ರೂಟ್ ದೊಡ್ಡದಾಗಿತ್ತು. ವಿಂಡೋಸ್‌ಗೆ ಹೋಗಿ ರಿಕವರಿ ಎನೇಬಲ್ ಮಾಡಿ, ಅದರ ವಿಳಾಸ ಸರಿಯಾಗಿ ಸಿಕ್ಕಿದೆಯೇ ಎಂದು ನೋಡಿದೆ. ಪೇಜ್ ಫೈಲ್ ಮತ್ತು ಸಿಸ್ಟಂ ಪ್ರೊಟೆಕ್ಷನ್ ವಾಪಸ್ ಹಾಕಿದೆ. ಹೈಬರ್ನೇಷನ್ ಮಾತ್ರ ಆಫ್ ಆಗಿಯೇ ಉಳಿದಿದೆ, ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ. ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಆಗ ಉಬುಂಟುವಿನಿಂದ ಸಿ ಡ್ರೈವ್‌ಗೆ ಬರೆಯಲು ಹೋಗುವುದು ಅಪಾಯ. ಎರಡೂ ಕಡೆಯ ಫೈಲು ಬಳಸುವವರು ಇದನ್ನು ಯಾವಾಗಲೂ ಆಫ್ ಇಡಿ.