ಮಳೆಗಾಲ, ಮೇಲ್ ಸರ್ವರ್ ಮತ್ತು ಬ್ಯಾಕಪ್: ಕುಶಾಲನಗರದಿಂದ ನನ್ನ ಅನುಭವ

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ಅಂದ್ರೆ ನಾನೊಬ್ಬನೇ. ಪ್ರಿಂಟರ್ ಕೆಟ್ಟರೂ ನಾನೇ, ವೇ ಬ್ರಿಡ್ಜ್ ಮುನಿಸಿಕೊಂಡರೂ ನಾನೇ. ಜೊತೆಗೆ ಒಂದು ಮೇಲ್ ಸರ್ವರ್. ಲಿನಕ್ಸ್ ಮೇಲೆ ಮೇಲ್ ಕಳಿಸಿ ತರಿಸಿಕೊಳ್ಳುವ ಪೋಸ್ಟ್‌ಫಿಕ್ಸ್, ಅದನ್ನು ಎಲ್ಲರ ಕಂಪ್ಯೂಟರ್‌ಗೆ ಕೊಡುವ ಡವ್‌ಕಾಟ್, ಮೇಲ್‌ಗಳೆಲ್ಲ ಮೇಲ್‌ಡಿರ್ ಅನ್ನೋ ಫೋಲ್ಡರ್ ರೂಪದಲ್ಲಿ. ಎಲ್ಲರೂ ಕ್ಲೌಡ್‌ಗೆ ಹೋದ ಮೇಲೂ ನಿಮ್ಮದ್ಯಾಕೆ ಸ್ವಂತ ಸರ್ವರ್ ಅಂತ ಕೇಳುವವರಿದ್ದಾರೆ. ಇಟಲಿ, ಜರ್ಮನಿಯ ಖರೀದಿದಾರರ ಕಾಂಟ್ರಾಕ್ಟು, ಸ್ಯಾಂಪಲ್ ಒಪ್ಪಿಗೆ, ಮಂಗಳೂರು ಬಂದರಿನ ಕಾಗದಪತ್ರ ಎಲ್ಲ ಮೇಲ್‌ನಲ್ಲೇ ಇರುತ್ತೆ. ಅದು ನಮ್ಮ ಕಟ್ಟಡ ಬಿಟ್ಟು ಹೋಗಬಾರದು ಅನ್ನೋದು ಮಾಲೀಕರ ಹಟ. ನನಗೂ ತಕರಾರಿಲ್ಲ, ಬ್ಯಾಕಪ್ ಸರಿಯಾಗಿದ್ದರೆ.

ಬ್ಯಾಕಪ್ ಸ್ಕ್ರಿಪ್ಟ್ ನಾನು ಸೇರುವ ಮೊದಲೇ ಇತ್ತು. ಯಾರೋ ಗುತ್ತಿಗೆಯವರು ಬರೆದಿಟ್ಟು ಹೋಗಿದ್ದು. ರಾತ್ರಿ 2 ಗಂಟೆಗೆ ಆರ್‌ಸಿಂಕ್ ಅನ್ನೋ ಪ್ರೋಗ್ರಾಮ್ ಓಡಿ, ಹೊರಗಿನ ಯುಎಸ್‌ಬಿ ಡಿಸ್ಕ್‌ಗೆ ಎಲ್ಲವನ್ನೂ ನಕಲು ಮಾಡುತ್ತಿತ್ತು. ಬೆಳಿಗ್ಗೆ "ಬ್ಯಾಕಪ್ ಯಶಸ್ವಿ" ಅಂತ ಒಂದು ಮೇಲ್ ಬರುತ್ತಿತ್ತು. ಸ್ಕ್ರಿಪ್ಟ್ ತೆರೆದು ನೋಡಿದರೆ ಕೊನೆಯ ಸಾಲು ಬರೀ ಆ ಮೇಲ್ ಕಳಿಸುವುದು. ಮೇಲಿನ ಸಾಲುಗಳಲ್ಲಿ ಏನೇ ಆಗಿದ್ದರೂ ಅದಕ್ಕೆ ಸಂಬಂಧವಿಲ್ಲ, ಯಶಸ್ವಿ ಅಂದ್ರೆ ಯಶಸ್ವಿ.

ಜುಲೈನ ಒಂದು ಬೆಳಿಗ್ಗೆ ಅದೇ ಯಶಸ್ವಿ ಮೇಲ್ ಕೂಡ ಬರಲಿಲ್ಲ. ಯಾರಿಗೂ ಯಾವ ಮೇಲೂ ಬರುತ್ತಿರಲಿಲ್ಲ. ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ 452 ಕೋಡ್, ಜಾಗ ಸಾಲದು ಅಂತ. ಇದೊಂದು ಸಮಾಧಾನದ ವಿಷಯ: 4ರಿಂದ ಶುರುವಾಗುವ ಕೋಡ್ ತಾತ್ಕಾಲಿಕ. ಕಳಿಸಿದ ಕಡೆಯ ಸರ್ವರ್ ಮೇಲನ್ನು ಎಸೆಯುವುದಿಲ್ಲ, ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಪೋಸ್ಟ್‌ಫಿಕ್ಸ್ ಆದರೆ ಸಾಮಾನ್ಯವಾಗಿ 5 ದಿನ. ಹಾಗಾಗಿ ಮೇಲ್ ಕಳೆದುಹೋಗುವ ಭಯ ಅಷ್ಟಿರಲಿಲ್ಲ. ಆದರೆ ಜಾಗ ಎಲ್ಲಿ ಹೋಯ್ತು?

ಎಷ್ಟು ಜಾಗ ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಹಾಕಿದರೆ ರೂಟ್ ಡಿಸ್ಕ್, ಅಂದ್ರೆ ಸರ್ವರ್‌ನ ಮುಖ್ಯ ಡಿಸ್ಕ್, ನೂರಕ್ಕೆ ನೂರು ಭರ್ತಿ. ಡಿಯು ಹಾಕಿ ಒಂದೊಂದೇ ಫೋಲ್ಡರ್ ಲೆಕ್ಕ ಹಾಕಿದರೆ ಅರ್ಧವೂ ಆಗಲ್ಲ. ಲೆಕ್ಕ ಹೀಗೆ ತಾಳೆಯಾಗದಿದ್ದಾಗ ಎರಡು ಅನುಮಾನ ಬರಬೇಕು. ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಮ್ ಇನ್ನೂ ತೆರೆದಿಟ್ಟುಕೊಂಡಿರಬಹುದು. ಇಲ್ಲವಾದರೆ ಮೌಂಟ್ ಆದ, ಅಂದ್ರೆ ಒಂದು ಫೋಲ್ಡರ್‌ಗೆ ಜೋಡಿಸಿಕೊಂಡ, ಡಿಸ್ಕ್‌ನ ಅಡಿಯಲ್ಲಿ ಏನೋ ಮುಚ್ಚಿಹೋಗಿರಬಹುದು. ನಮ್ಮದು ಎರಡನೆಯದು. ರೂಟನ್ನು ಬೈಂಡ್ ಮೌಂಟ್ ಮಾಡಿ, ಅಂದ್ರೆ ಇನ್ನೊಂದು ಫೋಲ್ಡರ್‌ಗೂ ಜೋಡಿಸಿ, ಬೇರೆ ಕಡೆಯಿಂದ ನೋಡಿದೆ. ಬ್ಯಾಕಪ್ ಫೋಲ್ಡರ್ ಒಳಗೆ, ಅಂದ್ರೆ ಸರ್ವರ್‌ನ ಸ್ವಂತ ಡಿಸ್ಕ್‌ನಲ್ಲೇ, ಇಡೀ ಕಂಪನಿಯ ಮೇಲ್‌ನ ಇನ್ನೊಂದು ನಕಲು ಕೂತಿತ್ತು.

ಆಗಿದ್ದು ಇಷ್ಟೇ. ರಾತ್ರಿ ಆರ್‌ಸಿಂಕ್ ಓಡಿದಾಗ ಯುಎಸ್‌ಬಿ ಡಿಸ್ಕ್ ಮೌಂಟ್ ಆಗಿರಲಿಲ್ಲ. ಆರ್‌ಸಿಂಕ್‌ಗೆ ಅದೆಲ್ಲ ಗೊತ್ತಾಗಲ್ಲ, ಫೋಲ್ಡರ್ ಇದೆ ಅಲ್ವಾ, ಸರಿ ಅಂತ ಅಲ್ಲಿಗೇ ಸುರಿದಿದೆ. ಬೆಳಗಿನ ಜಾವ ಯಾರೋ ಡಿಸ್ಕ್ ಮೌಂಟ್ ಮಾಡಿದ್ದಾರೆ, ಸುರಿದದ್ದೆಲ್ಲ ಅದರ ಕೆಳಗೆ ಮುಚ್ಚಿಹೋಗಿದೆ.

ಡಿಸ್ಕ್ ಯಾಕೆ ಬಿಟ್ಟುಹೋಗಿತ್ತು ಅಂತ ಹುಡುಕುತ್ತಾ ರ‍್ಯಾಕ್‌ನ ಹಿಂದೆ ಬಗ್ಗಿ ನೋಡಿದೆ. ಸರ್ವರ್‌ನ ವೈರ್ ಯುಪಿಎಸ್‌ಗೆ ಹೋಗಿತ್ತು. ಡಿಸ್ಕ್‌ನ ಪುಟ್ಟ ಅಡಾಪ್ಟರ್ ಮಾತ್ರ ಗೋಡೆಯ ಮಾಮೂಲಿ ಪ್ಲಗ್‌ನಲ್ಲಿ, ಸೊಳ್ಳೆ ಬತ್ತಿಯ ಮೆಷಿನ್ ಪಕ್ಕ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿಯುವುದು ಸುದ್ದಿಯೇ ಅಲ್ಲ. ಕರೆಂಟ್ ಹೋಗಿ ಜನರೇಟರ್ ಹತ್ತಿಕೊಳ್ಳುವ ಆ ಕೆಲವು ಸೆಕೆಂಡ್‌ನಲ್ಲಿ ಸರ್ವರ್ ಕಣ್ಣು ಮಿಟುಕಿಸಲ್ಲ, ಡಿಸ್ಕ್ ಮಾತ್ರ ಸತ್ತು ಬದುಕುತ್ತೆ. ಬದುಕಿ ಬಂದಾಗ ಅದರ ಹೆಸರು ಎಸ್‌ಡಿಬಿ ಹೋಗಿ ಎಸ್‌ಡಿಸಿ ಆಗಿರುತ್ತೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹಳೆ ಹೆಸರೇ ಬರೆದಿತ್ತು.

ಪ್ಲಗ್ ಬದಲಿಸಿದೆ. ಹೆಸರಿನ ಬದಲು ಡಿಸ್ಕ್‌ನ ಬದಲಾಗದ ಗುರುತು ಸಂಖ್ಯೆ ಯುಯುಐಡಿ ಹಾಕಿ, ಜೊತೆಗೆ ನೋಫೇಲ್ ಸೇರಿಸಿದೆ. ಅದಿಲ್ಲದಿದ್ದರೆ ಡಿಸ್ಕ್ ಇಲ್ಲದ ದಿನ ಸರ್ವರ್ ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ನಲ್ಲಿ ಕೂರುತ್ತೆ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಡಿಸ್ಕ್ ಮೌಂಟ್ ಆಗಿದೆಯಾ ಅಂತ ನೋಡಿ, ಇಲ್ಲದಿದ್ದರೆ ಅಲ್ಲೇ ನಿಲ್ಲುವ ಹಾಗೆ ಮಾಡಿದೆ. ನನಗೆ ಜಾಸ್ತಿ ಇಷ್ಟವಾದ ಉಪಾಯ ಇನ್ನೊಂದು: ಡಿಸ್ಕ್ ತೆಗೆದು, ಒಳಗೆ ಸುರಿದದ್ದನ್ನೆಲ್ಲ ಅಳಿಸಿ, ಖಾಲಿ ಫೋಲ್ಡರ್‌ಗೆ ಸಿಎಚ್‌ಆಟ್ರ್ ಕಮಾಂಡಿನಿಂದ ಪ್ಲಸ್ ಐ, ಅಂದ್ರೆ ಬದಲಿಸಬಾರದು ಅನ್ನೋ ಗುರುತು, ಹಾಕಿದೆ. ಆಮೇಲೆ ಎಲ್ಲ ಅಧಿಕಾರವಿರುವ ರೂಟ್ ಯೂಸರ್‌ಗೂ ಅದರಲ್ಲಿ ಬರೆಯಲಾಗಲ್ಲ. ಡಿಸ್ಕ್ ಮೌಂಟ್ ಆದರೆ ಮಾತ್ರ ಬರೆಯಬಹುದು.

ಇನ್ನು ಎಕ್ಸಿಟ್ ಕೋಡ್, ಅಂದ್ರೆ ಕೆಲಸ ಮುಗಿದಾಗ ಆರ್‌ಸಿಂಕ್ ಕೊಡುವ ಫಲಿತಾಂಶದ ನಂಬರ್. ಸೊನ್ನೆ ಬಂದರೆ ಮಾತ್ರ ಯಶಸ್ವಿ ಅಂತ ಬರೆದ ಕೂಡಲೇ ದಿನಾ 24 ಬರಲು ಶುರುವಾಯ್ತು. 24 ಅಂದ್ರೆ ಪಟ್ಟಿ ಮಾಡುವಾಗ ಇದ್ದ ಫೈಲ್ ನಕಲು ಮಾಡುವಷ್ಟರಲ್ಲಿ ಮಾಯ. ಓಡುತ್ತಿರುವ ಮೇಲ್ ಸರ್ವರ್‌ನಲ್ಲಿ ಇದು ಸಹಜ, ಯಾರೋ ಮೇಲ್ ಅಳಿಸಿರುತ್ತಾರೆ, ಜಾಗ ಬದಲಿಸಿರುತ್ತಾರೆ. ಅದನ್ನು ಬಿಟ್ಟುಬಿಡಬಹುದು. 23 ಬಂದರೆ ಬಿಡಬಾರದು, ಅಲ್ಲಿ ಪರ್ಮಿಶನ್ನೋ ಡಿಸ್ಕೋ ಕೈಕೊಟ್ಟಿರುತ್ತೆ.

ಎರಡನೇ ನಕಲು ಎಲ್ಲಿಡಬೇಕು ಅನ್ನೋದಕ್ಕೆ ಇಲ್ಲಿ ಯಾರಿಗೂ ಪಾಠ ಹೇಳಬೇಕಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದನ್ನು ನೋಡಿದವರೇ ಎಲ್ಲ. ಮಡಿಕೇರಿಯಲ್ಲಿ ಕಂಪನಿಯ ಚಿಕ್ಕ ಆಫೀಸ್ ಇದೆ, ಅಲ್ಲಿಗೆ ಕಳಿಸೋಣ ಅಂತಾಯ್ತು. ಇಂಟರ್ನೆಟ್ ಲೈನ್ ಮಾತ್ರ ತೀರಾ ಸಣ್ಣದು. ದಿನಕ್ಕೆ ಬರುವ ಮೇಲ್ ಅಷ್ಟೇನಿಲ್ಲ, ಆದರೆ ಆರ್‌ಸಿಂಕ್ ಬೆಳಗಾದರೂ ಮುಗಿಯುತ್ತಿರಲಿಲ್ಲ.

ಇದಕ್ಕೆ ಕಾರಣ ಮೇಲ್‌ಡಿರ್‌ನ ಸ್ವಭಾವ. ಅಲ್ಲಿ ಒಂದು ಮೇಲ್ ಅಂದ್ರೆ ಒಂದು ಫೈಲ್. ಓದಿದ್ದಾ, ಉತ್ತರ ಕೊಟ್ಟಿದ್ದಾ, ಸ್ಟಾರ್ ಹಾಕಿದ್ದಾ ಅನ್ನೋದೆಲ್ಲ ಫೈಲ್ ಹೆಸರಿನ ಬಾಲದಲ್ಲಿರುತ್ತೆ. ಕೋಲನ್, 2, ಕಾಮಾ, ಆಮೇಲೆ ಓದಿದ್ದಕ್ಕೆ ಎಸ್, ಉತ್ತರಕ್ಕೆ ಆರ್, ಸ್ಟಾರ್‌ಗೆ ಎಫ್. ಅಂದ್ರೆ ಮೇಲ್ ಓದಿದ ಕೂಡಲೇ ಫೈಲ್ ಹೆಸರು ಬದಲು. ಆರ್‌ಸಿಂಕ್‌ಗೆ ಅದು ಹೊಸ ಫೈಲ್. ಮೂಟೆಯ ಚೀಟಿ ಬದಲಾಯಿಸಿದ್ದಕ್ಕೆ ಇಡೀ ಮೂಟೆಯನ್ನೇ ಮತ್ತೆ ಲಾರಿಗೆ ಹೇರಿದ ಹಾಗೆ. ಮಾರಾಟ ವಿಭಾಗದವರು ಒಂದು ದಿನ ಕೂತು ಹಳೆ ಫೋಲ್ಡರ್‌ಗಳನ್ನೆಲ್ಲ ಓದಿದ್ದು ಅಂತ ಗುರುತು ಹಾಕಿದರೆ ಮುಗೀತು ಕಥೆ. (ಇದೇ ಕೋಲನ್‌ನಿಂದಾಗಿ ಮೇಲ್‌ಡಿರ್ ಅನ್ನು ಅಂಗಡಿಯಿಂದ ತಂದ, ಫೈಲ್ ಹೆಸರಿನಲ್ಲಿ ಕೋಲನ್ ಒಪ್ಪದ ಎಕ್ಸ್‌ಫ್ಯಾಟ್ ಮಾದರಿಯ ಪೆನ್‌ಡ್ರೈವ್‌ಗೆ ನೇರವಾಗಿ ನಕಲು ಮಾಡಲೂ ಆಗಲ್ಲ.)

ಹಾಗಾಗಿ ಹೊರಗಿನ ನಕಲಿಗೆ ಬೋರ್ಗ್ ಅನ್ನೋ ಬ್ಯಾಕಪ್ ಪ್ರೋಗ್ರಾಮ್ ಹಿಡಿದೆ. ಅದು ಹೆಸರಿಗೆ ಮರುಳಾಗಲ್ಲ. ಫೈಲನ್ನು ತುಂಡು ಮಾಡಿ, ಆ ತುಂಡು ಆಗಲೇ ಅಲ್ಲಿದ್ದರೆ ಮತ್ತೆ ಕಳಿಸಲ್ಲ. ಮಧ್ಯೆ ಲೈನ್ ಹೋದರೂ ಅಲ್ಲಿಯವರೆಗೆ ಉಳಿಸಿಕೊಂಡ ತುಂಡುಗಳು ವ್ಯರ್ಥವಲ್ಲ, ಮುಂದಿನ ಸಲ ಅಲ್ಲಿಂದ ಮುಂದೆ. ನಮ್ಮೂರಿಗೆ ಹೇಳಿ ಮಾಡಿಸಿದ್ದು. ಮೊದಲ ನಕಲನ್ನು ಲೈನ್‌ನಲ್ಲಿ ಕಳಿಸುವ ಸಾಹಸ ಬೇಡ ಅಂತ ಇಲ್ಲೇ ಡಿಸ್ಕ್‌ಗೆ ತೆಗೆದು, ಜೀಪಿನಲ್ಲಿ ಮಡಿಕೇರಿಗೆ ಒಯ್ದು ಅಲ್ಲಿನ ಮೆಷಿನ್‌ಗೆ ಸಿಕ್ಕಿಸಿದೆ. ಅವತ್ತು ರಾತ್ರಿಯೇ ಕ್ರಾನ್, ಅಂದ್ರೆ ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ, ಫೇಲ್. ರೆಪೊಸಿಟರಿ (ನಕಲುಗಳನ್ನಿಡುವ ಜಾಗ) ಮೊದಲು ಬೇರೆ ಕಡೆ ಇತ್ತು, ಈಗ ಇಲ್ಲಿದೆ, ಮುಂದುವರಿಯಲಾ ಅಂತ ಬೋರ್ಗ್ ಕೇಳುತ್ತೆ. ಕ್ರಾನ್‌ನಲ್ಲಿ ಉತ್ತರ ಕೊಡಲು ಯಾರಿರುತ್ತಾರೆ? ಒಮ್ಮೆ ಕೈಯಿಂದ ಓಡಿಸಿ ಹೌದು ಅಂದ ಮೇಲೆ ಸರಿಹೋಯ್ತು.

ಪ್ರತಿ ತಿಂಗಳು ಯಾರಾದರೊಬ್ಬರ ಮೇಲ್‌ಬಾಕ್ಸನ್ನು ಟೆಸ್ಟ್ ಮೆಷಿನ್‌ಗೆ ವಾಪಸ್ ತರುತ್ತೇನೆ. ಮೊದಲ ಸಲ ತಂದಾಗ ಮೇಲ್ ಎಲ್ಲ ಇತ್ತು, ಆದರೆ ಮೇಲ್ ಓದುವ ಪ್ರೋಗ್ರಾಮ್ ಥಂಡರ್‌ಬರ್ಡ್ ಎಲ್ಲವನ್ನೂ ಮೊದಲಿನಿಂದ ಡೌನ್‌ಲೋಡ್ ಮಾಡಲು ಶುರುಮಾಡಿತು. ಜಾಗ ಉಳಿಸಲು ಹಳೆ ಸ್ಕ್ರಿಪ್ಟ್ ಡವ್‌ಕಾಟ್ ಅಂತ ಹೆಸರು ಶುರುವಾಗುವ ಎಲ್ಲ ಫೈಲ್ ಬಿಡುತ್ತಿತ್ತು, ಆ ಸಾಲು ಹೊಸದಕ್ಕೂ ಬಂದಿತ್ತು. ಇಂಡೆಕ್ಸ್ ಬಿಟ್ಟರೆ ಪರವಾಗಿಲ್ಲ, ಡವ್‌ಕಾಟ್ ಅದನ್ನು ಮತ್ತೆ ಕಟ್ಟಿಕೊಳ್ಳುತ್ತೆ. ಮೇಲ್‌ಗಳ ನಂಬರ್ ಪಟ್ಟಿಯಾದ ಯುಐಡಿಲಿಸ್ಟ್ ಬಿಡಬಾರದು. ಅದು ಹೋದರೆ ಪ್ರತಿ ಮೇಲ್‌ನ ನಂಬರ್ ಬದಲಾಗಿ, ಎಲ್ಲರ ಕಂಪ್ಯೂಟರ್‌ಗಳೂ ಒಟ್ಟಿಗೆ ಸರ್ವರ್ ಮೇಲೆ ಬೀಳುತ್ತವೆ.

ಬೋರ್ಗ್‌ನ ಗೂಢಲಿಪಿಯ ನಕಲನ್ನು ಬಿಡಿಸುವ ಕೀ ಫೈಲ್ ನಮ್ಮಲ್ಲಿ ಸರ್ವರ್‌ನಲ್ಲೇ ಇರುತ್ತೆ. ಸರ್ವರ್ ಸುಟ್ಟುಹೋದರೆ ಮಡಿಕೇರಿಯ ನಕಲು ಇದ್ದೂ ಇಲ್ಲದ ಹಾಗೆ. ಕೀಯನ್ನು ಕಾಗದದ ಮೇಲೆ ಮುದ್ರಿಸುವ ಕಮಾಂಡ್ ಬೋರ್ಗ್‌ನಲ್ಲೇ ಇದೆ. ಆ ಹಾಳೆ ಈಗ ಮಾಲೀಕರ ಲಾಕರ್‌ನಲ್ಲಿ, ತೋಟದ ಪಹಣಿಗಳ ಜೊತೆ ಇದೆ. ಪಾಸ್‌ಫ್ರೇಸ್ ಅದರ ಜೊತೆ ಇಟ್ಟಿಲ್ಲ, ಅಕೌಂಟ್ಸ್‌ನವರ ಹತ್ತಿರ ಮುಚ್ಚಿದ ಕವರಿನಲ್ಲಿದೆ.