ಶಸ್ತ್ರಚಿಕಿತ್ಸೆಯ ನಂತರ ಅನಾಹುತವಾದರೆ: ದಾಖಲೆ, ದೂರು ಮತ್ತು ಗ್ರಾಹಕ ಆಯೋಗದ ದಾರಿ

ಶಸ್ತ್ರಚಿಕಿತ್ಸೆಯ ನಂತರ ರೋಗಿಯ ಸ್ಥಿತಿ ಬಿಗಡಾಯಿಸಿ, ಇದಕ್ಕೆ ಆಸ್ಪತ್ರೆಯವರ ನಿರ್ಲಕ್ಷ್ಯವೇ ಕಾರಣ ಎಂಬ ಅನುಮಾನ ಮನೆಯವರಲ್ಲಿ ಬಲವಾದಾಗ ಕರ್ನಾಟಕದಲ್ಲಿ ಏನು ಮಾಡಬಹುದು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇಂಥ ವ್ಯಾಜ್ಯಗಳು ಬಾಯಿಮಾತಿನ ಸಾಕ್ಷ್ಯಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ಕಾಗದಪತ್ರಗಳ ಮೇಲೆಯೇ ತೀರ್ಮಾನವಾಗುತ್ತವೆ. ಆ ಕಾಗದಪತ್ರಗಳನ್ನು ಪಡೆಯುವ ಕೆಲಸ ಮೊದಲ ಕೆಲವು ದಿನಗಳಲ್ಲಿಯೇ ಆಗಬೇಕಾಗಿರುವುದರಿಂದ, ವಕೀಲರನ್ನು ಹುಡುಕುವ ಮೊದಲೇ ಪ್ರಕರಣದ ಬಲಾಬಲ ಬಹುಪಾಲು ನಿಶ್ಚಯವಾಗಿರುತ್ತದೆ.

ತೊಡಕು ಯಾವುದು, ನಿರ್ಲಕ್ಷ್ಯ ಯಾವುದು

ಮೊದಲು ಒಂದು ಕಹಿ ಸತ್ಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ವಿಫಲವಾಯಿತು ಅಥವಾ ರೋಗಿ ತೀರಿಕೊಂಡರು ಎಂಬುದಷ್ಟೇ ಕಾನೂನಿನ ಕಣ್ಣಿನಲ್ಲಿ ನಿರ್ಲಕ್ಷ್ಯವಾಗುವುದಿಲ್ಲ. ಅದೇ ವಿಭಾಗದ ಸಾಧಾರಣ ನೈಪುಣ್ಯವುಳ್ಳ ವೈದ್ಯರೊಬ್ಬರು ಆ ಸಂದರ್ಭದಲ್ಲಿ ವಹಿಸಬೇಕಿದ್ದ ಎಚ್ಚರಿಕೆಯನ್ನು ಇವರು ವಹಿಸಿದರೇ ಎಂಬುದು ನ್ಯಾಯಾಲಯ ಕೇಳುವ ಪ್ರಶ್ನೆ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದೇ ಅಳತೆಗೋಲನ್ನು. ಪಿತ್ತಕೋಶ ತೆಗೆಯುವಾಗ ಪಿತ್ತನಾಳಕ್ಕೆ ಪೆಟ್ಟಾಗುವುದು, ಗರ್ಭಕೋಶ ತೆಗೆಯುವಾಗ ಮೂತ್ರನಾಳಕ್ಕೆ ಗಾಯವಾಗುವುದು, ಕರುಳಿನ ಜೋಡಣೆ ಕೆಲವು ದಿನಗಳ ನಂತರ ಸೋರುವುದು, ಇವೆಲ್ಲ ನುರಿತ ಕೈಗಳಲ್ಲಿಯೂ ಆಗಬಹುದಾದ ತೊಡಕುಗಳೆಂದು ವೈದ್ಯಶಾಸ್ತ್ರ ಒಪ್ಪಿಕೊಂಡಿದೆ. ಆದ್ದರಿಂದ ‘ನಾಳ ಕತ್ತರಿಸಿದರು’ ಎಂಬ ಒಂದೇ ಆರೋಪವನ್ನು ನೆಚ್ಚಿಕೊಂಡು ಹೋದ ದೂರು ಸಾಮಾನ್ಯವಾಗಿ ದುರ್ಬಲವಾಗಿರುತ್ತದೆ.

ದೂರಿಗೆ ಬಲ ಬರುವುದು ಅನೇಕ ಸಲ ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಅಲ್ಲ, ಅದರ ನಂತರದ ವಾರ್ಡಿನ ಗಂಟೆಗಳಿಂದ. ಒಂದು ಕಲ್ಪಿತ ಉದಾಹರಣೆ ನೋಡೋಣ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ಎರಡನೆಯ ರಾತ್ರಿ ನರ್ಸ್ ಬರೆದ ಚಾರ್ಟಿನಲ್ಲಿ ಎಂಟು ಗಂಟೆಗೆ ನಾಡಿ ನಿಮಿಷಕ್ಕೆ 96 ಇದ್ದದ್ದು ಹನ್ನೊಂದಕ್ಕೆ 124 ಆಗಿದೆ, ಗಂಟೆಗೆ 50 ಮಿಲಿಲೀಟರ್ ಬರುತ್ತಿದ್ದ ಮೂತ್ರ 15ಕ್ಕೆ ಇಳಿದಿದೆ, ಹೊಟ್ಟೆ ಉಬ್ಬಿದೆ, ‘ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ’ ಎಂದು ಸಹಿಯೂ ಇದೆ; ಆದರೆ ವೈದ್ಯರ ಟಿಪ್ಪಣಿಯ ಹಾಳೆಯಲ್ಲಿ ಮುಂದಿನ ಬರಹ ಇರುವುದು ಮರುದಿನ ಬೆಳಗ್ಗೆ ಒಂಬತ್ತಕ್ಕೆ. ಈ ಹತ್ತು ಗಂಟೆಗಳಲ್ಲಿ ಯಾರೂ ಬಂದು ನೋಡಲಿಲ್ಲ, ಸ್ಕ್ಯಾನ್ ಮಾಡಿಸಲಿಲ್ಲ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ನಿರ್ಧಾರ ತೆಗೆದುಕೊಳ್ಳಲಿಲ್ಲ ಎಂಬುದನ್ನು ಆಸ್ಪತ್ರೆಯ ಸ್ವಂತ ಕಾಗದವೇ ಹೇಳುತ್ತದೆ. ನಾಳಕ್ಕೆ ಪೆಟ್ಟಾದದ್ದು ತೊಡಕು ಎಂದು ಆಸ್ಪತ್ರೆ ವಾದಿಸಬಹುದು. ಕಣ್ಣೆದುರಿನ ಲಕ್ಷಣಗಳನ್ನು ರಾತ್ರಿಯಿಡೀ ಕಡೆಗಣಿಸಿದ್ದಕ್ಕೆ ಅಂಥ ಸಮಜಾಯಿಷಿ ಸುಲಭವಾಗಿ ಸಿಗುವುದಿಲ್ಲ.

ಇನ್ನು ಕೆಲವು ಸಂಗತಿಗಳು ತಜ್ಞರ ಅಭಿಪ್ರಾಯಕ್ಕೂ ಕಾಯದೆ ತಮ್ಮಷ್ಟಕ್ಕೆ ಮಾತನಾಡುತ್ತವೆ: ಹೊಟ್ಟೆಯೊಳಗೆ ಉಳಿದ ಬಟ್ಟೆಯ ತುಂಡು, ಎಡಗಾಲಿನ ಬದಲು ಬಲಗಾಲಿಗೆ ಮಾಡಿದ ಶಸ್ತ್ರಚಿಕಿತ್ಸೆ, ಹೊಂದಾಣಿಕೆಯಾಗದ ಗುಂಪಿನ ರಕ್ತ. ಪ್ರತಿಯೊಂದು ಪ್ರಕರಣದಲ್ಲಿಯೂ ತಜ್ಞರ ವರದಿ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಒಪ್ಪಿಗೆ ಪತ್ರವನ್ನೂ ಹೀಗೆಯೇ ಗಮನವಿಟ್ಟು ಓದಬೇಕು. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆಯನ್ನು ಆಧಾರವಾಗಿಟ್ಟುಕೊಂಡು ಗರ್ಭಕೋಶವನ್ನೇ ತೆಗೆಯುವಂತಿಲ್ಲ ಎಂಬುದು 2008ರ ಸಮೀರಾ ಕೊಹ್ಲಿ ಪ್ರಕರಣದ ತೀರ್ಪು. ಜೀವಕ್ಕೆ ತಕ್ಷಣದ ಅಪಾಯವಿದ್ದಾಗ ಮಾತ್ರ ಇದಕ್ಕೆ ವಿನಾಯಿತಿ ಉಂಟು. ಮುದ್ರಿತ ಹಾಳೆಯಲ್ಲಿ ಶಸ್ತ್ರಚಿಕಿತ್ಸೆಯ ಹೆಸರಿನ ಜಾಗ ಖಾಲಿಯಿದ್ದು ಕೆಳಗೆ ಸಹಿ ಮಾತ್ರ ಇದ್ದರೆ ಅದೂ ಒಂದು ಸಾಕ್ಷ್ಯವೇ.

ದಾಖಲೆ ಕೇಳುವ ಬಗೆ

ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಯ್ದಿಡಬೇಕು, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದಾಗ 72 ಗಂಟೆಗಳೊಳಗೆ ಕೊಡಬೇಕು. ರೋಗಿ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಕೇಳಬಹುದು. ಬಾಯಲ್ಲಿ ಕೇಳಿದರೆ ‘ಬಿಡುಗಡೆಯಾದ ಮೇಲೆ ನೋಡೋಣ’ ಎಂಬ ಉತ್ತರ ಬರುವುದೇ ಹೆಚ್ಚು. ಆದ್ದರಿಂದ ಬರವಣಿಗೆಯಲ್ಲಿಯೇ ಕೇಳಬೇಕು, ಎರಡು ಪ್ರತಿ ತೆಗೆದುಕೊಂಡು ಹೋಗಿ ಒಂದರ ಮೇಲೆ ದಿನಾಂಕ, ಸಮಯ ಮತ್ತು ಮೊಹರಿನೊಂದಿಗೆ ಸ್ವೀಕೃತಿ ಪಡೆಯಬೇಕು. ಸ್ವೀಕೃತಿ ಕೊಡಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮತ್ತು ಇ-ಮೇಲ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. ಅರ್ಜಿ ಉದ್ದವಾಗಿರಬೇಕಿಲ್ಲ:

‘ವೈದ್ಯಕೀಯ ಅಧೀಕ್ಷಕರಿಗೆ. ನಮ್ಮ ತಾಯಿಯವರು ತಮ್ಮ ಆಸ್ಪತ್ರೆಯಲ್ಲಿ ಈ ಕೆಳಗಿನ ಒಳರೋಗಿ ಸಂಖ್ಯೆಯಲ್ಲಿ ದಾಖಲಾಗಿರುತ್ತಾರೆ. ದಾಖಲಾದ ಸಮಯದಿಂದ ಇಂದಿನವರೆಗಿನ ಸಂಪೂರ್ಣ ಕೇಸ್ ಶೀಟಿನ ಪುಟಸಂಖ್ಯೆ ಹಾಕಿದ, ದೃಢೀಕರಿಸಿದ ಪ್ರತಿಯನ್ನು 72 ಗಂಟೆಗಳೊಳಗೆ ನೀಡಬೇಕಾಗಿ ಕೋರಿಕೆ. ಪ್ರತಿಗಳ ಶುಲ್ಕ ಪಾವತಿಸಲು ಸಿದ್ಧರಿದ್ದೇವೆ.’

ಇದರ ಕೆಳಗೆ ಬೇಕಾದ ಹಾಳೆಗಳನ್ನು ಹೆಸರಿಸಿ ಬರೆಯುವುದು ಒಳ್ಳೆಯದು, ಏಕೆಂದರೆ ‘ಸಂಪೂರ್ಣ’ ಎಂದು ಕೇಳಿದವರ ಕೈಗೆ ಡಿಸ್ಚಾರ್ಜ್ ಸಮ್ಮರಿಯೊಂದನ್ನೇ ಕೊಟ್ಟು ಕಳುಹಿಸುವುದೂ ಉಂಟು. ಆಪರೇಷನ್ ನೋಟ್ಸ್, ಅರಿವಳಿಕೆ ಚಾರ್ಟ್, ಬಟ್ಟೆ ಮತ್ತು ಉಪಕರಣಗಳನ್ನು ಎಣಿಸಿದ ಹಾಳೆ, ಒಪ್ಪಿಗೆ ಪತ್ರಗಳು, ನರ್ಸ್‌ಗಳ ಟಿಪ್ಪಣಿ, ನಾಡಿ-ಜ್ವರ-ಮೂತ್ರದ ಚಾರ್ಟ್, ಔಷಧಿ ಕೊಟ್ಟ ಹಾಳೆ, ಪ್ರಯೋಗಾಲಯದ ವರದಿಗಳು, ಬೇರೆ ಆಸ್ಪತ್ರೆಗೆ ಕಳುಹಿಸಿದ್ದರೆ ರೆಫರಲ್ ಪತ್ರ, ಇಷ್ಟನ್ನೂ ಪ್ರತ್ಯೇಕವಾಗಿ ಕೇಳಬೇಕು. ಸ್ಕ್ಯಾನ್‌ಗಳ ವರದಿ ಮಾತ್ರ ಸಾಲದು, ಚಿತ್ರಗಳಿರುವ ಸಿ.ಡಿ. ಬೇಕು. ಸಿ.ಸಿ. ಟಿ.ವಿ. ದೃಶ್ಯಗಳು ಕೆಲವು ವಾರಗಳಲ್ಲಿ ತಾನಾಗಿಯೇ ಅಳಿಸಿಹೋಗಬಹುದಾದ್ದರಿಂದ ಅವನ್ನು ಕಾಯ್ದಿಡುವಂತೆ ಬೇರೆ ಪತ್ರ ಬರೆಯುವುದು ಲೇಸು. ಆಸ್ಪತ್ರೆ ದಾಖಲೆ ಕೊಡದೆ ಸತಾಯಿಸಿದರೆ ಈ ಪತ್ರಗಳ ಸ್ವೀಕೃತಿಗಳೇ ಮುಂದೆ ಅದರ ವಿರುದ್ಧದ ಅನುಮಾನಕ್ಕೆ ಆಧಾರವಾಗುತ್ತವೆ.

ಮನೆಯವರೂ ಒಂದು ನೋಟ್ ಪುಸ್ತಕದಲ್ಲಿ ದಿನಚರಿ ಇಡಬೇಕು. ಯಾವ ವೈದ್ಯರು ಎಷ್ಟು ಗಂಟೆಗೆ ಬಂದರು, ಏನು ಹೇಳಿದರು, ನೋವು ಹೆಚ್ಚಾಯಿತೆಂದು ಯಾರಿಗೆ ಯಾವಾಗ ತಿಳಿಸಲಾಯಿತು ಎಂಬುದನ್ನು ಆಯಾ ದಿನವೇ ಬರೆದಿಟ್ಟರೆ ಎರಡು ವರ್ಷದ ನಂತರದ ಪಾಟೀಸವಾಲಿನಲ್ಲಿ ಅದು ನೆನಪಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಸಹಿ ಮಾಡುವಾಗ ಎಚ್ಚರ ಬೇಕು. ರೋಗಿಯನ್ನು ಬೇರೆಡೆಗೆ ಸಾಗಿಸುವಾಗ ‘ವೈದ್ಯರ ಸಲಹೆಗೆ ವಿರುದ್ಧವಾಗಿ ನಾವೇ ಕರೆದುಕೊಂಡು ಹೋಗುತ್ತಿದ್ದೇವೆ’ ಎಂಬ ಹಾಳೆಯನ್ನು ಮುಂದಿಟ್ಟರೆ, ನಿಜವಾದ ಕಾರಣವನ್ನು ಸ್ವಂತ ಕೈಬರಹದಲ್ಲಿ ಸೇರಿಸಿಯೇ ಸಹಿ ಮಾಡಬೇಕು. ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟು ‘ನಮಗೆ ಯಾವ ತಕರಾರೂ ಇಲ್ಲ’ ಎಂದು ಬರೆಸಿಕೊಳ್ಳುವ ಪ್ರಸ್ತಾಪ ಬಂದಾಗ ಒಂದು ದಿನದ ಕಾಲಾವಕಾಶ ಕೇಳುವುದರಿಂದ ಏನೂ ನಷ್ಟವಿಲ್ಲ.

ರೋಗಿ ತೀರಿಕೊಂಡಿದ್ದರೆ

ಮನೆಯವರಿಗೆ ಅತ್ಯಂತ ಕಷ್ಟದ ನಿರ್ಧಾರ ಮರಣೋತ್ತರ ಪರೀಕ್ಷೆಯದು. ಅಂತ್ಯಕ್ರಿಯೆ ಆದಷ್ಟು ಬೇಗ ಮುಗಿಯಲಿ ಎನ್ನುವ ಹಿರಿಯರ ಒತ್ತಾಯ, ದೇಹವನ್ನು ಮತ್ತೆ ಕೊಯ್ಯುವುದೇಕೆ ಎಂಬ ಸಂಕಟ, ಎರಡೂ ಸಹಜ. ಆದರೆ ಚಿತೆಗೇರಿದ ಮೇಲೆ ಸಾವಿನ ಕಾರಣದ ಬಗ್ಗೆ ಉಳಿಯುವುದು ಆಸ್ಪತ್ರೆ ಬರೆದ ಪ್ರಮಾಣಪತ್ರ ಮಾತ್ರ. ಅನುಮಾನ ನಿಜವಾಗಿಯೂ ಗಂಭೀರವಾಗಿದ್ದರೆ ಪರೀಕ್ಷೆ ಮಾಡಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ವ್ಯಾಪ್ತಿಯ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು, ಅಸಹಜ ಸಾವಿನ ವರದಿ ದಾಖಲಿಸಿಕೊಂಡು ಶವ ಪಂಚನಾಮೆಯ ನಂತರ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಸುವಂತೆ ಕೋರಬೇಕು. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಸಂಬಂಧವಿಲ್ಲದ ವೈದ್ಯರೇ ಪರೀಕ್ಷೆ ಮಾಡಲಿ, ವಿಡಿಯೊ ಚಿತ್ರೀಕರಣವಿರಲಿ, ಒಳಾಂಗಗಳ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಿ ಎಂಬ ಕೋರಿಕೆಗಳನ್ನೂ ಅದೇ ದೂರಿನಲ್ಲಿ ಬರೆಯಬಹುದು.

ಈ ಹೊತ್ತಿನಲ್ಲಿ ಬಂಧುಬಳಗ ಆಸ್ಪತ್ರೆಯ ಮುಂದೆ ಸೇರಿ ಗಾಜು ಒಡೆದರೆ, ಕರ್ತವ್ಯದಲ್ಲಿದ್ದ ನರ್ಸ್ ಮೇಲೆ ಕೈ ಮಾಡಿದರೆ, ಪ್ರಕರಣದ ದಿಕ್ಕೇ ತಿರುಗಿಬಿಡುತ್ತದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ಮತ್ತು ಆಸ್ತಿ ಹಾನಿಯನ್ನು ತಡೆಯುವ ಕರ್ನಾಟಕದ 2009ರ ಕಾಯ್ದೆಯಡಿ ಅದು ಜಾಮೀನುರಹಿತ ಅಪರಾಧ. ದೂರುದಾರರಾಗಬೇಕಿದ್ದವರು ಆರೋಪಿಗಳಾಗುತ್ತಾರೆ, ಆಸ್ಪತ್ರೆಗೆ ರಾಜಿಯ ಮಾತಿಗೆ ಒಂದು ಅಸ್ತ್ರ ಸಿಗುತ್ತದೆ.

ಎಲ್ಲಿ ದೂರು ಕೊಡಬೇಕು

ನಾಲ್ಕು ದಾರಿಗಳಿದ್ದರೂ ಪರಿಹಾರದ ಹಣ ಬೇಕಿದ್ದರೆ ಮುಖ್ಯವಾದದ್ದು ಗ್ರಾಹಕ ಆಯೋಗ. 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. ಬಿಲ್ಲನ್ನು ವಿಮಾ ಕಂಪನಿ ಅಥವಾ ಉದ್ಯೋಗದಾತರು ಕಟ್ಟಿದ್ದರೂ ಅದು ಹಣ ಪಡೆದು ಕೊಟ್ಟ ಸೇವೆಯೇ. ಎಲ್ಲರಿಗೂ ಸಂಪೂರ್ಣ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಹೊರಗುಳಿಯುತ್ತವೆ. ಅವುಗಳ ವಿರುದ್ಧ ಸಿವಿಲ್ ದಾವೆ ಅಥವಾ, ಸರ್ಕಾರಿ ಆಸ್ಪತ್ರೆಯಾದರೆ, ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ದಾರಿ ಹಿಡಿಯಬೇಕಾಗುತ್ತದೆ.

ಯಾವ ಆಯೋಗ ಎಂಬ ವಿಷಯದಲ್ಲಿ ಹಳೆಯ ಸಲಹೆ ಇನ್ನೂ ಚಾಲ್ತಿಯಲ್ಲಿದ್ದು ಜನರನ್ನು ದಾರಿ ತಪ್ಪಿಸುತ್ತಿದೆ. 2019ರ ಕಾಯ್ದೆಯಲ್ಲಿ ಲೆಕ್ಕಕ್ಕೆ ಬರುವುದು ನೀವು ಕೇಳುವ ಪರಿಹಾರದ ಮೊತ್ತವಲ್ಲ, ಆಸ್ಪತ್ರೆಗೆ ಕಟ್ಟಿದ ಹಣ. ಅದು 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ಬೆಂಗಳೂರಿನ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ಹೀಗಾಗಿ ಮೂರು ಲಕ್ಷದ ಬಿಲ್ಲಿಗೆ ಸಂಬಂಧಿಸಿ ಒಂದು ಕೋಟಿ ಪರಿಹಾರ ಕೇಳಿದರೂ ಜಿಲ್ಲಾ ಆಯೋಗವೇ ಸಾಕು, ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದಾದ್ದರಿಂದ ಬೆಂಗಳೂರಿನ ಆಸ್ಪತ್ರೆಯ ಮೇಲೆ ರಾಯಚೂರಿನಲ್ಲಿ ದೂರು ಕೊಡುವುದಕ್ಕೆ ಅಡ್ಡಿಯಿಲ್ಲ. ಮೃತರ ಪರವಾಗಿ ಕಾನೂನುಬದ್ಧ ವಾರಸುದಾರರು ಕೊಡಬಹುದು. ಶಸ್ತ್ರವೈದ್ಯರನ್ನೂ ಆಸ್ಪತ್ರೆಯನ್ನೂ ಎದುರುದಾರರನ್ನಾಗಿಸುವುದು ವಾಡಿಕೆ. ಚಿಕಿತ್ಸೆ ಕೊಟ್ಟ ಎಲ್ಲ ವೈದ್ಯರ ಹೆಸರು ರೋಗಿಯ ಕಡೆಯವರಿಗೆ ಗೊತ್ತಿರಲಾರದು, ಅಷ್ಟಕ್ಕೇ ದೂರು ಬಿದ್ದುಹೋಗುವುದಿಲ್ಲ ಎಂದು 2004ರ ಸವಿತಾ ಗರ್ಗ್ ಪ್ರಕರಣ ಹೇಳುತ್ತದೆ.

ಗಡುವು ಎರಡು ವರ್ಷ. ತಡವಾಗಿದ್ದರೆ ಸಮರ್ಪಕ ಕಾರಣ ತೋರಿಸಿ ಮನ್ನಾ ಕೇಳಬಹುದು, ಆದರೆ ಅದನ್ನು ನಂಬಿ ಕೂರುವಂತಿಲ್ಲ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಬಟ್ಟೆ ಬಿಟ್ಟರೆಂದು ದೂರಿದ್ದ, ಸ್ವತಃ ನರ್ಸ್ ಆಗಿದ್ದ ಮಹಿಳೆಯೊಬ್ಬರ ಪ್ರಕರಣದಲ್ಲಿ, ಸುಮಾರು ಒಂಬತ್ತು ವರ್ಷ ನೋವಿದ್ದರೂ ಶಸ್ತ್ರವೈದ್ಯರನ್ನು ಕೇಳದೆ, ಪರೀಕ್ಷೆ ಮಾಡಿಸಿಕೊಳ್ಳದೆ ಸುಮ್ಮನಿದ್ದರೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2010ರಲ್ಲಿ ದೂರನ್ನು ಕಾಲಬಾಧಿತವೆಂದು ತಳ್ಳಿಹಾಕಿತು.

ದೂರು ಬರೆಯುವ ಮೊದಲು ಅದೇ ವಿಭಾಗದ, ಆ ಆಸ್ಪತ್ರೆಗೆ ಸಂಬಂಧವಿಲ್ಲದ ತಜ್ಞರೊಬ್ಬರಿಗೆ ದಾಖಲೆ ತೋರಿಸಬೇಕು. ವೈದ್ಯರು ವೈದ್ಯರ ವಿರುದ್ಧ ಬರೆದುಕೊಡಲು ಹಿಂಜರಿಯುವುದು ಎಲ್ಲರಿಗೂ ಗೊತ್ತಿರುವ ಮಾತು. ವೈದ್ಯಕೀಯ ಕಾಲೇಜುಗಳ ನಿವೃತ್ತ ಪ್ರಾಧ್ಯಾಪಕರು ಕೆಲವೊಮ್ಮೆ ಒಪ್ಪುತ್ತಾರೆ. ‘ಇವರದು ತಪ್ಪೇ?’ ಎಂದು ಕೇಳುವ ಬದಲು ‘ರಾತ್ರಿ ಹನ್ನೊಂದಕ್ಕೆ ಈ ಲಕ್ಷಣಗಳಿದ್ದಾಗ ಏನು ಮಾಡಬೇಕಿತ್ತು, ಮಾಡಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇ?’ ಎಂದು ಕೇಳಿದರೆ ಉಪಯುಕ್ತ ಉತ್ತರ ಸಿಗುತ್ತದೆ. ಯಾರೂ ಸಿಗದಿದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ತಜ್ಞರ ಅಭಿಪ್ರಾಯ ತರಿಸುವಂತೆ ಆಯೋಗವನ್ನೇ ಕೋರಬಹುದು.

ಉಳಿದ ದಾರಿಗಳು ಬೇರೆ ಉದ್ದೇಶದವು. ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ನೋಂದಣಿಯನ್ನು ಅಮಾನತಿನಲ್ಲಿಡಬಲ್ಲದು, ಆದರೆ ಪರಿಹಾರ ಕೊಡಿಸಲಾರದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಪ್ರಾಧಿಕಾರವು ದಾಖಲೆ ನಿರಾಕರಣೆ, ಬಿಲ್ಲಿನ ತಕರಾರುಗಳಂಥವಕ್ಕೆ ಸೂಕ್ತ. ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ವೈದ್ಯರ ನಿರ್ಲಕ್ಷ್ಯದಿಂದಾದ ಸಾವಿಗೆ ಎರಡು ವರ್ಷದವರೆಗೆ ಸೆರೆವಾಸವಿದೆ. ಆದರೆ ಅಲ್ಲಿ ಘೋರ ನಿರ್ಲಕ್ಷ್ಯವನ್ನೇ ಸಾಬೀತುಪಡಿಸಬೇಕು, ಪೊಲೀಸರು ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು. ಕ್ರಿಮಿನಲ್ ಮೊಕದ್ದಮೆಯನ್ನು ಕೇವಲ ಒತ್ತಡ ಹೇರುವ ಸಾಧನವೆಂದು ಬಳಸುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಅದು ಖುಲಾಸೆಯಲ್ಲಿ ಕೊನೆಗೊಂಡರೆ ಆ ತೀರ್ಪನ್ನು ಆಸ್ಪತ್ರೆ ಗ್ರಾಹಕ ಆಯೋಗದ ಮುಂದೆಯೂ ಹಿಡಿಯುತ್ತದೆ.

ನೋಟಿಸ್ ತಲುಪಿದ ಮೇಲೆ ಆಸ್ಪತ್ರೆ 30 ದಿನಗಳೊಳಗೆ, ಹೆಚ್ಚೆಂದರೆ ಇನ್ನು 15 ದಿನ ಸೇರಿಸಿ, ಉತ್ತರ ಸಲ್ಲಿಸಬೇಕು. 45 ದಿನ ಮೀರಿ ಸಲ್ಲಿಸಲು ಅವಕಾಶವಿಲ್ಲವೆಂದು 2020ರಲ್ಲಿ ಸಂವಿಧಾನ ಪೀಠವೇ ಹೇಳಿರುವುದರಿಂದ ಈ ದಿನಾಂಕಗಳನ್ನು ಲೆಕ್ಕವಿಟ್ಟುಕೊಳ್ಳಬೇಕು. ಕಾಯ್ದೆ ತಿಂಗಳುಗಳ ಗಡುವು ಹೇಳಿದರೂ ತೀರ್ಪಿಗೆ ವರ್ಷಗಳೇ ಹಿಡಿಯುವುದುಂಟು. ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಸೋತ ಆಸ್ಪತ್ರೆ ಮೇಲ್ಮನವಿ ಹಾಕಬೇಕಾದರೆ ಆದೇಶದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕಾಗಿದ್ದು, ಅದನ್ನು ಇಟ್ಟಿದೆಯೇ ಎಂಬುದನ್ನು ನಿಮ್ಮ ವಕೀಲರ ಮೂಲಕ ಪರಿಶೀಲಿಸಿಕೊಳ್ಳಬೇಕು.