ಟ್ರೈಲರ್ ಕಟ್ಟಿ ಹೊರಡುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲೂ ಬೇಸಿಗೆ ರಜೆಗೆ ಟ್ರಾವೆಲ್ ಟ್ರೈಲರ್, ಅಂದರೆ ಕಾರಿನ ಹಿಂದೆ ಕಟ್ಟುವ ಚಕ್ರದ ಮನೆ, ಎಳೆದುಕೊಂಡು ಹೊರಡುವವರಿದ್ದಾರೆ. ದಾರಿಯಲ್ಲಿ ಕೆಟ್ಟರೆ ಸಹಾಯಕ್ಕೆ ಬರುವ ರೋಡ್‌ಸೈಡ್ ಅಸಿಸ್ಟೆನ್ಸ್ ಪ್ಲ್ಯಾನ್ ಇದೆಯಲ್ಲ ಅನ್ನುವ ಧೈರ್ಯ ಎಲ್ಲರಿಗೂ. ನನಗೂ ಇತ್ತು. ನೆವಾಡಾದಲ್ಲಿ 50ನೇ ಹೆದ್ದಾರಿಯಲ್ಲಿ ನಮ್ಮ ಟ್ರೈಲರ್‌ನ ಟೈರ್ ಒಡೆಯಿತು. ‘ಅಮೆರಿಕದ ಅತಿ ಒಂಟಿ ರಸ್ತೆ’ ಎಂದೇ ಅದಕ್ಕೆ ಹೆಸರು. ಸಿಗ್ನಲ್ ಹುಡುಕಿಕೊಂಡು ನಡೆದು, ಫೋನ್ ಮಾಡಿದರೆ ಸಿಕ್ಕ ಉತ್ತರ: ‘ನಿಮ್ಮ ಪ್ಲ್ಯಾನ್ ಕಾರಿಗೆ ಮಾತ್ರ.’ ಮಕ್ಕಳ ಜೊತೆ ಬಿಸಿಲಲ್ಲಿ ಕಾದ ಆ ಮಧ್ಯಾಹ್ನ ಇನ್ನೂ ಮರೆತಿಲ್ಲ.

ಹಾಗಾಗಿ ಮೊದಲ ಕೆಲಸ, ಹೊರಡುವ ಎರಡು ವಾರ ಮುಂಚೆ ಪ್ಲ್ಯಾನ್ ಕೊಟ್ಟವರಿಗೆ ಫೋನ್ ಮಾಡುವುದು. ಟ್ರೈಲರ್ ಸೇರಿದೆಯಾ ಎಂದು ನೇರವಾಗಿ ಕೇಳಿ. ಟ್ರಿಪಲ್ ಎ (ಅಮೆರಿಕದ ವಾಹನ ಸವಾರರ ಸಂಘ) ಸದಸ್ಯರಾಗಿದ್ದರೆ ಸಾಮಾನ್ಯವಾಗಿ ಆರ್‌ವಿ (ಟ್ರೈಲರ್‌ನಂಥ ಮನೆ-ಗಾಡಿ) ಕವರೇಜನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಹೊಸದಾಗಿ ಸೇರಿಸಿದ್ದು ಅದೇ ದಿನ ಪೂರ್ತಿ ಜಾರಿಗೆ ಬರದೆಯೂ ಇರಬಹುದು. ಎರಡು ವಾರ ಅಂದದ್ದು ಅದಕ್ಕೇ.

ಎಷ್ಟು ಮೈಲಿ ಎಳೆದೊಯ್ಯುತ್ತಾರೆ? ಮಣ್ಣಿನ ರಸ್ತೆಗೆ ಬರುತ್ತಾರಾ? ಇವನ್ನೂ ಕೇಳಿ. ಇನ್ನೊಂದು ಪ್ರಶ್ನೆ ಇವೆಲ್ಲಕ್ಕಿಂತ ಮುಖ್ಯ, ಬಹಳ ಜನ ಕೇಳುವುದೇ ಇಲ್ಲ. ಕೆಟ್ಟದ್ದು ಕಾರಾದರೆ, ಚೆನ್ನಾಗಿರುವ ಟ್ರೈಲರ್ ಗತಿ ಏನು? ಕಾರನ್ನು ಒಂದು ಟೋ ಟ್ರಕ್ ಒಯ್ದರೆ ಟ್ರೈಲರ್‌ಗೆ ಇನ್ನೊಂದು ಬೇಕಾಗಬಹುದು. ಅದರ ದುಡ್ಡು ಯಾರದು? ಟ್ರಕ್ಕಿನ ಕ್ಯಾಬಿನ್‌ನಲ್ಲಿ ನಾಲ್ಕು ಜನರ ಸಂಸಾರ ಹಿಡಿಸುವುದೂ ಕಷ್ಟ, ಅಲ್ವಾ? ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಇನ್ನು ಟೈರ್. ಪಂಕ್ಚರ್‌ಗೆ ಬರುವವರು ಸಾಮಾನ್ಯವಾಗಿ ನಿಮ್ಮ ಸ್ಟೆಪ್ನಿಯನ್ನೇ ಹಾಕಿಕೊಡುತ್ತಾರೆ, ಹೊಸ ಟೈರ್ ತರುವುದಿಲ್ಲ. ಕಾರಿನ ಸ್ಟೆಪ್ನಿಯನ್ನು ನೆಚ್ಚಿಕೊಳ್ಳಬೇಡಿ. ಟ್ರೈಲರ್‌ಗೆ ಅದರದೇ ಸ್ಟೆಪ್ನಿ, ಅದರ ತೂಕ ತಡೆಯುವ ಜಾಕ್, ನಟ್‌ಗಳನ್ನು ಅಳತೆಯಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚ್ ಇರಲಿ. ಟೈರಿನ ಪಕ್ಕದ ಗೋಡೆಯ ಮೇಲೆ ‘DOT’ ಎಂದು ಶುರುವಾಗುವ ಡಿಒಟಿ ಸಂಖ್ಯೆಯ ಕೊನೆಯ 4 ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಮೇಲ್ನೋಟಕ್ಕೆ ಹೊಸದರಂತಿದ್ದರೂ ಹಳೆಯ ಟೈರನ್ನು ನಂಬಬೇಡಿ. ನಮ್ಮದು ಹಾಗೇ ಕೈಕೊಟ್ಟಿದ್ದು.

ಟ್ರೈಲರ್‌ನ ಉದ್ದ, ತೂಕ, ಎಷ್ಟು ಆಕ್ಸಲ್ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲಿಡಿ. ಸರಿಯಾದ ಟ್ರಕ್ ಕಳಿಸಲು ಅವರು ಕೇಳುವುದೇ ಇದನ್ನು.

ಗಾಡಿ ನಿಂತುಹೋದರೆ ಆದಷ್ಟೂ ರಸ್ತೆಯಂಚಿಗೆ ತನ್ನಿ, ಹಜಾರ್ಡ್ ಲೈಟ್ ಹಾಕಿ. ಜೀವಕ್ಕೆ ಅಪಾಯ ಅನ್ನಿಸಿದರೆ ಮೊದಲು ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ. ಆಮೇಲೆ ಪ್ಲ್ಯಾನ್‌ನವರಿಗೆ ಹೆದ್ದಾರಿ ಸಂಖ್ಯೆ, ಹತ್ತಿರದ ಮೈಲಿ ಫಲಕದ ಅಂಕಿ, ಯಾವ ದಿಕ್ಕಿಗೆ ಹೊರಟಿದ್ದಿರಿ ಎಂದು ಹೇಳಿ. ಚಕ್ರಗಳಿಗೆ ಅಡ್ಡಗಟ್ಟೆ ಇಡದೆ ಟ್ರೈಲರನ್ನು ಕಾರಿನಿಂದ ಬಿಡಿಸಲೇಬೇಡಿ, ಉರುಳಿಬಿಡುತ್ತದೆ.

ಟೈರ್ ಬದಲಿಸಿದ ಮೇಲೆ 10, 25, 50 ಮೈಲಿ ಆದಾಗ ಒಂದೊಂದು ಸಲ ನಿಲ್ಲಿಸಿ, ನಟ್‌ಗಳ ಬಿಗಿ ನೋಡಿ.